ಮಿಸ್ಸಿಂಗ್ ಹೊಡೆಯುವ ಗಾಡಿ

ಹಂಗಾಮು ಶುರುವಾಯಿತೆಂದರೆ ಕಾಗವಾಡದ ರಸ್ತೆಗಳೆಲ್ಲ ಟ್ರ್ಯಾಕ್ಟರಿನ ಸ್ವತ್ತು. ಒಂದರ ಹಿಂದೊಂದು ಟ್ರೇಲರ್ ಕಟ್ಟಿಕೊಂಡು, ಮಾಳಿಗೆಯೆತ್ತರ ಕಬ್ಬು ಹೇರಿಕೊಂಡು, ಡ್ರೈವರಿನ ನೆತ್ತಿಯ ಮೇಲಿನ ಪೆಟ್ಟಿಗೆಯಲ್ಲಿ ಹಾಡು ಹಚ್ಚಿಕೊಂಡು ಅವು ಉಗಾರದ ಕಡೆಗೋ ಬೇರೆ ಫ್ಯಾಕ್ಟರಿಯ ಕಡೆಗೋ ಹೊರಟಿರುತ್ತವೆ. ಹಿಂದೆ ಸಿಕ್ಕಿಕೊಂಡದ್ದು ಅಥಣಿಯಿಂದ ಮಿರಜಿನ ದವಾಖಾನೆಗೆ ಹೊರಟ ಪೇಶೆಂಟಿನ ಕಾರು, ಮಹಾರಾಷ್ಟ್ರದ ಕೆಂಪು ಎಸ್‌ಟಿ ಬಸ್ಸು, ಹಾಲಿನ ಟೆಂಪೊ. ದಾಟಿ ಹೋಗುವಂತಿಲ್ಲ, ನಿಂತುಬಿಡುವಂತೆಯೂ ಇಲ್ಲ. ಮೊದಲನೇ ಗೇರಿನಲ್ಲಿ ತೆವಳಬೇಕು, ನಿಲ್ಲಬೇಕು, ಮತ್ತೆ ತೆವಳಬೇಕು. ಎಂಜಿನ್ನಿನಲ್ಲಿ ಎಳ್ಳಷ್ಟು ಖೋಡಿ ಇದ್ದರೂ ಬಯಲಾಗುವುದು ಇಂಥ ಕಡೆಯೇ. ಅರವತ್ತರ ಓಟದಲ್ಲಿ ಯಾರ ಗಮನಕ್ಕೂ ಬಾರದ ರೋಗ ಕಬ್ಬಿನ ಗಾಡಿಯ ಹಿಂದೆ ನಿಂತಾಗ ಸ್ಟೇರಿಂಗಿನಿಂದ ಅಂಗೈಗೆ, ಸೀಟಿನಿಂದ ಬೆನ್ನಿಗೆ ಏರಿ ಬರುತ್ತದೆ.

ಅಂಥ ಗಾಡಿಗಳು ಬಂದು ನಿಲ್ಲುವ ಒಂದು ಗ್ಯಾರೇಜು ಮಿರಜ ರಸ್ತೆಯ ಬದಿಗೆ ಇದೆ. ತಗಡಿನ ಶೆಡ್ಡು. ವರ್ಷಗಟ್ಟಲೆ ಆಯಿಲ್ ಕುಡಿದು ಕಪ್ಪಾದ ನೆಲ. ಬೋರ್ಡಿನ ಮೇಲೆ ಒಂದು ಸಾಲು ಕನ್ನಡ, ಒಂದು ಸಾಲು ಮರಾಠಿ. ಗೋಡೆಯಲ್ಲಿ ವಿಠ್ಠಲ–ರುಕ್ಮಿಣಿಯ ಕ್ಯಾಲೆಂಡರ್. ಅದರ ಬದಿಗೆ ಮೊಳೆಗೆ ನೇತುಬಿದ್ದ ಫ್ಯಾನ್ ಬೆಲ್ಟುಗಳು. ಹೊರಗೆ ನಿಂತ ಗಾಡಿಗಳ ನಂಬರ್ ಪ್ಲೇಟು ಓದಿದರೆ ಗಡಿಯ ಊರೆಂದು ಬೇರೆ ಯಾರೂ ಹೇಳಬೇಕಾಗಿಲ್ಲ: ಕೆಎ 23, ಎಂಎಚ್ 10, ಕೆಎ 22, ಎಂಎಚ್ 09. ಚಿಕ್ಕೋಡಿ, ಸಾಂಗಲಿ, ಬೆಳಗಾವಿ, ಕೊಲ್ಹಾಪುರ ಒಂದೇ ಸಾಲಿನಲ್ಲಿ ಬಾನೆಟ್ ತೆರೆದುಕೊಂಡು ನಿಂತಿರುತ್ತವೆ. 2018ರಲ್ಲಿ ಅಥಣಿಯಿಂದ ಬೇರೆಯಾಗಿ ಕಾಗವಾಡವೇ ತಾಲ್ಲೂಕಾಯಿತು, ಕಚೇರಿಗಳು ಬಂದವು. ಸ್ಪೇರ್ ಪಾರ್ಟ್ಸ್ ಮಾತ್ರ ಈಗಲೂ ಬರುವುದು ಮಿರಜಿನಿಂದಲೋ ಸಾಂಗಲಿಯಿಂದಲೋ. ಮುಂಜಾನೆ ಫೋನ್ ಮಾಡಿದರೆ ಮಧ್ಯಾಹ್ನದ ಬಸ್ಸಿನ ಡ್ರೈವರಿನ ಕೈಯಲ್ಲಿ ಪುಡಿಕೆ ಬರುತ್ತದೆ.

ಜನವರಿಯ ಥಂಡಿ ಇನ್ನೂ ಬಿಟ್ಟಿಲ್ಲ. ಶೇಡಬಾಳದ ಕಡೆಯಿಂದ ಒಬ್ಬ ಮಾಸ್ತರರು ತಮ್ಮ ಕಾರು ತಂದು ಶೆಡ್ಡಿನ ಮುಂದೆ ನಿಲ್ಲಿಸುತ್ತಾರೆ. 2012ರ ಮಾದರಿ, ನಾಲ್ಕು ಸಿಲಿಂಡರಿನ ಸಣ್ಣ ಪೆಟ್ರೋಲ್ ಗಾಡಿ. ಕೀ ತೆಗೆಯಲು ಕೈ ಹಾಕುವಷ್ಟರಲ್ಲಿ ಮಿಸ್ತ್ರಿ ಕೈ ಸನ್ನೆ ಮಾಡುತ್ತಾನೆ: ಬಂದ್ ಮಾಡಬೇಡಿ. ಎಂಜಿನ್ ಹಾಗೇ ಓಡುತ್ತಿದೆ. ಸರಿಯಿದ್ದ ಎಂಜಿನ್ನಿನ ಸದ್ದು ಒಂದೇ ಸಮ ಗುಂಯ್‌ಗುಟ್ಟುತ್ತದೆ, ಅದರಲ್ಲಿ ಬಿಡಿ ಬಿಡಿ ಏಟು ಕೇಳಿಸುವುದಿಲ್ಲ. ಇಲ್ಲಿ ಹಾಗಲ್ಲ. ಡುಗುಡುಗುಡು–ಡುಪ್, ಡುಗುಡುಗುಡು–ಡುಪ್. ಪ್ರತಿ ಡುಪ್‌ಗೆ ಬಾನೆಟ್ಟು ಒಮ್ಮೆ ಕುಲುಕುತ್ತದೆ, ಒಳಗಿನ ಕನ್ನಡಿಯಲ್ಲಿ ಹಿಂದಿನ ಸೀಟು ನಡುಗುತ್ತದೆ. ಮಿಸ್ತ್ರಿ ಬಾನೆಟ್ ಮುಟ್ಟದೆ ಹಿಂದಕ್ಕೆ ಹೋಗಿ, ಸೈಲೆನ್ಸರಿನ ಬಾಯಿಗೆ ಅಂಗೈ ಹಿಡಿದು ಕೂರುತ್ತಾನೆ. ಕೈ ಮೂಸಿ ನೋಡುತ್ತಾನೆ. ಒಂದು ಅರಿವೆಯ ತುಂಡನ್ನು ಸೈಲೆನ್ಸರಿನ ಮುಂದೆ ತೂಗಿಬಿಡುತ್ತಾನೆ. ಅರಿವೆ ಹೊರಕ್ಕೇ ಹಾರುತ್ತಿದೆ, ನಡುನಡುವೆ ಒಳಕ್ಕೆ ಎಳೆದುಕೊಳ್ಳುತ್ತಿಲ್ಲ. ಎಳೆದುಕೊಂಡಿದ್ದರೆ ವಾಲ್ವ್ ಸುಟ್ಟಿದೆಯೆಂಬ ಅನುಮಾನ ಮೊದಲು ಬರುತ್ತಿತ್ತು, ಲೆಕ್ಕ ಬೇರೆಯಾಗುತ್ತಿತ್ತು.

ಆಮೇಲೆ ಪ್ರಶ್ನೆಗಳು.

“ಯಾವಾಗಿಂದ ಹಿಂಗ ಆಗೇತ್ರಿ ಸರ?”

“ದೀಪಾವಳಿ ಮುಗದ ಮ್ಯಾಲ.”

“ಯಾವಾಗ್ಲೂ ಹೊಡೀತೈತೋ, ಒಮ್ಮೊಮ್ಮೆ ಮಾತ್ರ ಹೊಡೀತೈತೋ?”

“ಮೊದಲ ಒಮ್ಮೊಮ್ಮೆ ಇತ್ತು. ಮುಂಜಾನಿ ಮಂಜ ಬಿದ್ದಾಗ ಜಾಸ್ತಿ. ತೆಗ್ಗಿನ್ಯಾಗ ಗಾಡಿ ಧಡ್ ಅಂದ ಕೂಡ್ಲೆ ಒಮ್ಮಿಂದೊಮ್ಮೆ ಸುದ್ದ ಆಗಿಬಿಡತಿತ್ತು. ಈಗ ಎರಡ ದಿವಸ ಆತು, ಬಿಟ್ಟೂಬಿಡದ ಹೊಡಿಲಾಕತ್ತೈತಿ.”

“ಬಿಸಿ ಆದ ಮ್ಯಾಗ ಕಡಿಮಿ ಆಗತೈತೇನ್ರಿ?”

“ಇಲ್ಲ. ಬಿಸಿ, ಥಂಡಿ ಎರಡೂ ಅಷ್ಟ.”

“ಆವರೇಜ್?”

“ಅದನ್ನ ಕೇಳಬ್ಯಾಡ ಮಿಸ್ತ್ರಿ, ಬಿದ್ದಹೋಗೇತಿ.”

ಪಾನಾ ಎತ್ತಿಕೊಳ್ಳುವ ಮುಂಚಿನ ಈ ನಾಲ್ಕು ಮಾತಿನಲ್ಲಿ ಅರ್ಧ ಪರೀಕ್ಷೆ ಮುಗಿದಿರುತ್ತದೆ. ತೆಗ್ಗಿಗೆ ಬಿದ್ದಾಗ ತಾನಾಗಿ ಸುದ್ದವಾಗುವ ರೋಗ ಪಿಸ್ಟನ್ನಿನದಲ್ಲ, ರಿಂಗಿನದಲ್ಲ, ವಾಲ್ವಿನದೂ ಅಲ್ಲ. ಸವೆದ ಲೋಹ ತೆಗ್ಗಿಗೆ ಬಿದ್ದ ಮಾತ್ರಕ್ಕೆ ನೆಟ್ಟಗಾಗುವುದಿಲ್ಲ. ಎಲ್ಲೋ ಏನೋ ಸಡಿಲಿದೆ, ತಾಗುತ್ತದೆ, ಬಿಡುತ್ತದೆ. ಮಂಜಿಗೆ ಹೆಚ್ಚಾಗುವುದೂ ಅದೇ ಕಡೆ ಬೆರಳು ಮಾಡುತ್ತದೆ: ಕರೆಂಟು.

ಕಾರಿನ ಎಂಜಿನ್ನು ನಾಲ್ಕು ಕೆಲಸವನ್ನು ಒಂದಾದ ಮೇಲೊಂದು ಮಾಡುತ್ತದೆ. ಗಾಳಿ–ಪೆಟ್ರೋಲು ಒಳಗೆಳೆಯುವುದು, ಅದನ್ನು ಒತ್ತುವುದು, ಕಿಡಿ ಹೊತ್ತಿಸುವುದು, ಹೊಗೆ ಹೊರಗೆ ತಳ್ಳುವುದು. ಜರ್ಮನಿಯ ನಿಕೋಲಸ್ ಒಟ್ಟೊ 1876ರಲ್ಲಿ ಇದನ್ನು ಓಡಿಸಿ ತೋರಿಸಿದ. ಕಂಪ್ಯೂಟರು ಬಂದರೂ ಆ ಕ್ರಮ ಬದಲಾಗಿಲ್ಲ. ಈ ನಾಲ್ಕಕ್ಕೆ ಕ್ರ್ಯಾಂಕು ಎರಡು ಸುತ್ತು ತಿರುಗಬೇಕು. ಆಕ್ಸಿಲೇಟರ್ ಒತ್ತದೆ ಬಿಟ್ಟಾಗ ಗಾಡಿ ಮಿನಿಟಿಗೆ ಸುಮಾರು 800 ಸುತ್ತು ಓಡುತ್ತದೆಂದು ಹಿಡಿದರೆ ಒಂದೊಂದು ಸಿಲಿಂಡರಿನಲ್ಲಿ ಮಿನಿಟಿಗೆ 400 ಸಲ, ನಾಲ್ಕರಲ್ಲಿ 1600 ಸಲ ಹೊತ್ತಬೇಕು. ನಾಲ್ಕರಲ್ಲಿ ಒಂದು ಕೆಲಸ ಬಿಟ್ಟರೆ ಮಿನಿಟಿಗೆ 400 ಏಟು ಖಾಲಿ. ಮೂರು ಸಾವಿರ ಸುತ್ತಿನಲ್ಲಿ ಓಡುವಾಗ ಫ್ಲೈವೀಲಿನ ಭಾರ ಮತ್ತು ಗಾಡಿಯ ಓಟ ಸೇರಿ ಈ ಖಾಲಿ ಏಟನ್ನು ನುಂಗಿಬಿಡುತ್ತವೆ, ಪಿಕಪ್ ಸ್ವಲ್ಪ ಸತ್ತಂತೆ ಅನ್ನಿಸುತ್ತದೆ ಅಷ್ಟೇ. ನಿಂತಲ್ಲಿ ನುಂಗಲು ಏನೂ ಇಲ್ಲ. ಅದಕ್ಕೇ ಗಾಡಿ ನಿಂತಾಗ ನಡುಗುತ್ತದೆ, ಎಸಿ ಹಚ್ಚಿದರಂತೂ ಬಂದ್ ಬೀಳುತ್ತದೆ.

ಮಾಸ್ತರರು ಈ ಮೊದಲೇ ಬೇರೆ ಊರಿನ ಒಂದು ಗ್ಯಾರೇಜಿಗೆ ಹೋಗಿ ಬಂದಿದ್ದಾರೆ. ಅಲ್ಲಿ ಸ್ಕ್ಯಾನರ್ ಹಚ್ಚಿದರಂತೆ. ಪಿ0303 ಎಂದು ಬಂತು. ಮೂರನೆಯ ಸಿಲಿಂಡರ್ ಮಿಸ್ ಹೊಡೆಯುತ್ತಿದೆ ಎಂದರ್ಥ. ಆ ಸಿಲಿಂಡರಿನ ಪ್ಲಗ್ಗು ಬದಲಿಸಿದರು, ಅದರ ತಲೆಯ ಮೇಲೆ ಕೂರುವ ಇಗ್ನಿಷನ್ ಕಾಯಿಲು ಬದಲಿಸಿದರು. ಎರಡು ಸಾವಿರದ ಮೇಲೆ ಬಿಲ್ಲಾಯಿತು. ವಾರದಲ್ಲಿ ಮತ್ತೆ ಅದೇ ರಾಗ. ಎರಡನೆಯ ಸಲ ಪಿ0203 ಎಂದು ಬಂತು, ಮೂರನೆಯ ಇಂಜೆಕ್ಟರಿನ ಸರ್ಕಿಟ್ಟಿನಲ್ಲಿ ದೋಷ ಎಂದು. “ಇಂಜೆಕ್ಟರ್ ಹೋಗೇತಿ, ಹೊಸಾದ ಹಾಕಬೇಕು” ಎಂದರು. ಮಾಸ್ತರರು ಅಲ್ಲಿಂದ ಗಾಡಿ ತಿರುಗಿಸಿಕೊಂಡು ಬಂದರು.

ನನ್ನ ಮಟ್ಟಿಗೆ ಈಗಿನ ಗ್ಯಾರೇಜುಗಳ ದೊಡ್ಡ ರೋಗ ಇದೇ. ಸ್ಕ್ಯಾನರ್ ಸುಳ್ಳು ಹೇಳಲಿಲ್ಲ. ಎರಡೂ ಸಲ ನಿಜವನ್ನೇ ಹೇಳಿತು, ಓದಿದವರು ಅದು ಹೇಳದ್ದನ್ನು ಓದಿಕೊಂಡರು. ಮೂರನೆಯ ಸಿಲಿಂಡರ್ ಉರಿಯುತ್ತಿಲ್ಲ ಎಂದು ಅದು ಹೇಳಬಲ್ಲದು, ಯಾಕೆ ಎಂದು ಹೇಳಲಾರದು. ಸರ್ಕಿಟ್ಟು ಎಂದರೆ ಇಂಜೆಕ್ಟರ್ ಒಂದೇ ಅಲ್ಲ. ಕಂಪ್ಯೂಟರಿನಿಂದ ಹೊರಟ ವೈರು, ನಡುವಿನ ಜೋಡಣೆ, ತುದಿಯ ಸಾಕೆಟ್ಟು, ಅದರೊಳಗಿನ ತುಕ್ಕು ಹಿಡಿದ ಪಿನ್ನು ಎಲ್ಲವೂ ಸೇರಿ ಸರ್ಕಿಟ್ಟು. ಈ ಸಾಲಿನಲ್ಲಿ ಎಲ್ಲಕ್ಕಿಂತ ದುಬಾರಿಯಾದದ್ದನ್ನೇ ಮೊದಲು ಬದಲಿಸಿ ನೋಡುವುದಕ್ಕೆ ಪರೀಕ್ಷೆ ಎನ್ನಲಾಗದು. ಅದು ಗಿರಾಕಿಯ ರೊಕ್ಕದಲ್ಲಿ ಆಡುವ ಜೂಜು.

ಮಿಸ್ತ್ರಿಯ ಹತ್ತಿರವೂ ಸ್ಕ್ಯಾನರ್ ಇದೆ, ಮೊಬೈಲಿಗೆ ಜೋಡಿಸುವ ಸಣ್ಣದು. ಅದನ್ನು ಹಚ್ಚಿ, ಕೋಡು ನೋಡಿ, ಎತ್ತಿಟ್ಟ. ಎಂಜಿನ್ ಓಡುತ್ತಿರುವಾಗಲೇ ಕಾಯಿಲಿನ ಸಾಕೆಟ್ಟುಗಳನ್ನು ಒಂದೊಂದಾಗಿ ಕಿತ್ತು ಹಾಕತೊಡಗಿದ. ಒಂದನೆಯದನ್ನು ಕಿತ್ತ, ಎಂಜಿನ್ ಇನ್ನಷ್ಟು ಮುಗ್ಗರಿಸಿತು. ಹಾಕಿದ. ಎರಡನೆಯದು, ಅದೇ. ಮೂರನೆಯದನ್ನು ಕಿತ್ತರೆ ಏನೂ ಇಲ್ಲ, ಇದ್ದ ಹಾಗೇ ಇದೆ. ಸತ್ತದ್ದು ಅದೇ. ಹಳೆಯ ಗಾಡಿಗಳಲ್ಲಿ ಇದನ್ನೇ ಪ್ಲಗ್ಗಿನ ಟೋಪಿ ಕಿತ್ತು ಮಾಡುತ್ತಿದ್ದರು, ಷಾಕ್ ಹೊಡೆಸಿಕೊಳ್ಳದ ಮಿಸ್ತ್ರಿಯೇ ಇರಲಿಲ್ಲ. ಮುಂದೆ ಎರಡನೆಯ ಕಾಯಿಲು ಮೂರಕ್ಕೆ, ಮೂರನೆಯದು ಎರಡಕ್ಕೆ ಅದಲುಬದಲು. ರೋಗ ಕಾಯಿಲಿನ ಜೊತೆ ಎರಡಕ್ಕೆ ಹೋಗಿದ್ದರೆ ಕಾಯಿಲು ಕೆಟ್ಟಿದೆ ಎನ್ನಬಹುದಿತ್ತು. ಹೋಗಲಿಲ್ಲ. ಎರಡು ಮಿನಿಟಿನ, ಪೈಸೆ ಖರ್ಚಿಲ್ಲದ ಈ ಅದಲುಬದಲನ್ನು ಮೊದಲೇ ಮಾಡಿದ್ದರೆ ಮಾಸ್ತರರ ಹೊಸ ಕಾಯಿಲಿನ ರೊಕ್ಕ ಉಳಿಯುತ್ತಿತ್ತು.

ಎಂಜಿನ್ ಬಂದ್ ಮಾಡಿ ಪ್ಲಗ್ಗು ಬಿಚ್ಚಿದ. ನಾಲ್ಕನ್ನೂ ಬಿಚ್ಚಿ, ಹಳೆಯ ದಿನಪತ್ರಿಕೆಯ ಮೇಲೆ ಸಾಲಾಗಿ ಇಟ್ಟ. ಪ್ಲಗ್ಗು ಓದುವುದು ಈ ಕಸುಬಿನಲ್ಲಿ ಅಕ್ಷರಾಭ್ಯಾಸವಿದ್ದಂತೆ. ತುದಿಯ ಪಿಂಗಾಣಿ ತಿಳಿಗಂದಾಗಿ, ಒಣಗಿದ್ದರೆ ಒಳಗೆ ಎಲ್ಲ ಸುದ್ದ. ಕಾಡಿಗೆಯಂಥ ಮಸಿ ಕೂತಿದ್ದರೆ ಪೆಟ್ರೋಲು ಹೆಚ್ಚು, ಗಾಳಿ ಕಡಿಮೆ; ಏರ್ ಫಿಲ್ಟರ್ ಕಟ್ಟಿರಬಹುದು. ಸುಣ್ಣದಂತೆ ಬೆಳ್ಳಗಿದ್ದರೆ ಪೆಟ್ರೋಲು ಸಾಲದು, ಇಲ್ಲವೇ ಎಲ್ಲೋ ಕಳ್ಳಗಾಳಿ ಸೇರುತ್ತಿದೆ. ಎಣ್ಣೆಯ ಜಿಡ್ಡಿದ್ದರೆ ರಿಂಗು, ವಾಲ್ವ್ ಸೀಲುಗಳ ಕತೆ, ಖರ್ಚಿನ ದಾರಿ. ಪೆಟ್ರೋಲಿನಲ್ಲಿ ತೊಯ್ದು ತಪ್ಪಡಿಯಾಗಿದ್ದರೆ ಪೆಟ್ರೋಲು ಬರುತ್ತಿದೆ, ಕಿಡಿ ಹಾರುತ್ತಿಲ್ಲ.

ಒಂದು, ಎರಡು, ನಾಲ್ಕರ ತುದಿ ತುಸು ಕಪ್ಪಗೆ. ಮೂರನೆಯದು ಅಂಗಡಿಯಿಂದ ಈಗ ತಂದಂತೆ ಬಿಳಿ, ಖಡಕ್ ಒಣ. ಮೂಗಿಗೆ ಹಿಡಿದರೆ ಪೆಟ್ರೋಲಿನ ವಾಸನೆಯೇ ಇಲ್ಲ.

“ನೋಡ್ರಿ ಸರ, ಕಿಡಿ ಕೆಟ್ಟಿದ್ರ ಇದು ತೋಯಿಸಿಕೊಂಡು ಕುಂದರತಿತ್ತು. ಸೈಲೆನ್ಸರಿಂದ ಹಸಿ ಪೆಟ್ರೋಲ್ ನಾರತಿತ್ತು. ಎರಡೂ ಇಲ್ಲ. ಇದರ ಹೊಟ್ಟಿಗಿ ಪೆಟ್ರೋಲ ಇಳೀಲಾಕತ್ತಿಲ್ಲ.”

ಉಳಿದ ಮೂರು ಕಪ್ಪಾಗಿದ್ದೇಕೆ ಎಂಬುದಕ್ಕೂ ಇದರಲ್ಲೇ ಉತ್ತರವಿದೆ. ಮೂರನೆಯ ಸಿಲಿಂಡರು ಬರಿಯ ಗಾಳಿ ಎಳೆದು ಬರಿಯ ಗಾಳಿಯನ್ನೇ ಹೊರಗೆ ತಳ್ಳುತ್ತಿದೆ. ಸೈಲೆನ್ಸರಿನ ದಾರಿಯಲ್ಲಿ ಕೂತ ಆಕ್ಸಿಜನ್ ಸೆನ್ಸರು ಆ ಗಾಳಿಯನ್ನು ಕಂಡು, ಪೆಟ್ರೋಲು ಸಾಲುತ್ತಿಲ್ಲವೆಂದು ಕಂಪ್ಯೂಟರಿಗೆ ದೂರು ಹೇಳುತ್ತದೆ. ಕಂಪ್ಯೂಟರು ಸರಿಯಿದ್ದ ಮೂರಕ್ಕೆ ಇನ್ನಷ್ಟು ಸುರಿಯುತ್ತದೆ. ಆವರೇಜು ಬಿದ್ದದ್ದು ಹೀಗೆ.

ಪ್ಲಗ್ಗುಗಳನ್ನು ತಿರುಗಿ ಕೂರಿಸಿ ಗಾಡಿ ಚಾಲೂ ಮಾಡಿಸಿದ. ಒಂದು ಉದ್ದನೆಯ ಸ್ಕ್ರೂಡ್ರೈವರ್ ಹಿಡಿದು, ಅದರ ತುದಿಯನ್ನು ಇಂಜೆಕ್ಟರಿನ ಮೈಗೆ ಊರಿ, ಹಿಡಿಕೆಯನ್ನು ಕಿವಿಗೆ ಒತ್ತಿಕೊಂಡ. ಕಣ್ಣು ಮುಚ್ಚಿದ. ಇಂಜೆಕ್ಟರ್ ಎಂದರೆ ಕರೆಂಟಿನಿಂದ ತೆರೆದು ಮುಚ್ಚುವ ಪುಟ್ಟ ಬಾಗಿಲು. ತೆರೆದಾಗಲೆಲ್ಲ ಟಿಕ್ ಎನ್ನುತ್ತದೆ. ಒಂದರಲ್ಲಿ ಟಿಕ್‌ಟಿಕ್‌ಟಿಕ್. ಎರಡರಲ್ಲಿ ಅದೇ. ಮೂರಕ್ಕೆ ಬಂದಾಗ ಹುಬ್ಬು ಗಂಟಿಕ್ಕಿತು. ನಾಲ್ಕಕ್ಕೆ ಹೋಗಿ, ಮತ್ತೆ ಮೂರಕ್ಕೆ ಬಂದ. ಇಲ್ಲಿಂದ ಅರ್ಧ–ಮುಕ್ಕಾಲು ಗಂಟೆಯ ದಾರಿಯ ಮಿರಜಿನಲ್ಲಿ ತಂಬೂರಿ ಮಾಡುವ ಮನೆತನಗಳಿವೆ. ಅಲ್ಲಿ ಕುಶಲಿಗರು ಜವಾರಿ ತೆಗೆಯುವಾಗ ಕುದುರೆಯನ್ನು ಒಂದಿಷ್ಟು ಉಜ್ಜಿ, ತಂತಿ ಮೀಟಿ, ಕಿವಿಗೊಟ್ಟು, ಮತ್ತೆ ಉಜ್ಜುವಾಗ ಮುಖದ ಮೇಲೆ ಇಂಥದೇ ಗಾಂಭೀರ್ಯ ಬರುತ್ತದೆ. ಅವರಿಗೆ ಬೇಕಾದದ್ದು ನಾದ, ಇವನಿಗೆ ಬೇಕಾದದ್ದು ಟಿಕ್ ಎಂಬ ಸದ್ದು. ಹುಡುಗನ ಕೈಗೂ ಸ್ಕ್ರೂಡ್ರೈವರ್ ಕೊಟ್ಟು ಕೇಳಿಸಿದ. ಗ್ಯಾರೇಜಿಗೆ ಸೇರಿ ವರ್ಷವಾಗದ ಹುಡುಗ. “ಮೂರ ಗಪ್ ಕುಂತೈತಿ ಕಾಕಾ,” ಎಂದ.

ಇಲ್ಲಿಗೆ ಬಂದರೂ ಇಂಜೆಕ್ಟರ್ ಕೆಟ್ಟಿದೆ ಎನ್ನುವಂತಿಲ್ಲ. ಬಾಗಿಲು ತೆರೆಯುತ್ತಿಲ್ಲ, ನಿಜ. ತೆರೆ ಎಂಬ ಹುಕುಂ ಅದಕ್ಕೆ ಮುಟ್ಟುತ್ತಿದೆಯೇ? ಇಂಜೆಕ್ಟರಿನ ಸಾಕೆಟ್ಟಿಗೆ ಎರಡು ವೈರು. ಒಂದರಲ್ಲಿ ಬ್ಯಾಟರಿಯ 12 ವೋಲ್ಟು ಸದಾ ಇರುತ್ತದೆ. ಇನ್ನೊಂದನ್ನು ಕಂಪ್ಯೂಟರು ಬೇಕಾದ ಗಳಿಗೆಗೆ ಅರ್ಥಿಂಗ್‌ಗೆ ತಾಗಿಸಿ ಬಿಡುತ್ತದೆ. ತಾಗಿಸಿದಾಗ ಬಾಗಿಲು ತೆರೆಯುತ್ತದೆ, ಬಿಟ್ಟಾಗ ಮುಚ್ಚುತ್ತದೆ. ಮಿಸ್ತ್ರಿ ಒಂದು ಸಣ್ಣ ಎಲ್‌ಇಡಿ ದೀಪವನ್ನು ಎರಡನೆಯ ಸಾಕೆಟ್ಟಿಗೆ ಸಿಕ್ಕಿಸಿದ, ಮಿಣಮಿಣ ಮಿನುಗಿತು. ಮೂರನೆಯದಕ್ಕೆ ಸಿಕ್ಕಿಸಿದ, ಕತ್ತಲು. ದೀಪದ ಒಂದು ತುದಿಯನ್ನು ಗಾಡಿಯ ಬಾಡಿಗೆ ತಾಗಿಸಿ ನೋಡಿದ, ಹತ್ತಿಕೊಂಡಿತು. 12 ವೋಲ್ಟಿನ ವೈರು ಸುದ್ದ ಇದೆ. ಉಳಿದದ್ದು ಕಂಪ್ಯೂಟರಿನಿಂದ ಬರುವ ವೈರು ಒಂದೇ.

ವೈರಿನ ಸುರುಳಿ ಎಂಜಿನ್ನಿನ ಹಿಂದೆ, ಇನ್‌ಟೇಕಿನ ಕೆಳಗೆ ಇಳಿದು ಕಾಣದಾಗುತ್ತದೆ. ಹುಡುಗನ ಕೈ ಸಣ್ಣದು. ಅವನೇ ಮೊಬೈಲಿನ ದೀಪ ಬಾಯಲ್ಲಿ ಕಚ್ಚಿಕೊಂಡು ಕೈ ಇಳಿಸಿದ. ಮೊದಲು ಹೊರಬಂದದ್ದು ಒಂದು ಹಿಡಿ ರವದಿ. ಕಬ್ಬಿನ ಒಣಗಿದ ಗರಿಯನ್ನು ಎಳೆಎಳೆಯಾಗಿ ಸೀಳಿ, ಬಾನೆಟ್ಟಿನ ಒಳಪದರದ ಹತ್ತಿಯ ಜೊತೆ ಉಂಡೆ ಮಾಡಿದ್ದು. ಅದರೊಳಗೆ ಶೇಂಗಾದ ಸಿಪ್ಪೆ, ಇಲಿಯ ಹಿಕ್ಕೆ. ಬಳಿಕ ವೈರು. ಕಪ್ಪು ಟೇಪಿನ ಹೊದಿಕೆ ಬೆರಳುದ್ದ ಹರಿದು, ಒಳಗೆ ಹಸಿರು ಬಣ್ಣದ ವೈರಿನ ಪ್ಲಾಸ್ಟಿಕ್ಕು ಕೆರೆದು ತೆಗೆದಂತಾಗಿ, ತಾಮ್ರದ ಎಳೆಗಳು ಕಡಿದಿದ್ದವು. ಕಡಿದ ತುದಿಗಳ ಮೇಲೆ ಪಾಚಿಯಂಥ ಹಸಿರು ಕಿಲುಬು. ಒಂದೆರಡು ಎಳೆ ಇಷ್ಟು ದಿನ ಹೇಗೋ ಹಿಡಿದುಕೊಂಡಿದ್ದವು. ಗಾಡಿ ಕುಲುಕಿದರೆ ತಾಗಿ, ಮಂಜಿಗೆ ಕಿಲುಬೇರಿ, ಕಡೆಗೆ ಅವೂ ಕೈಬಿಟ್ಟಿದ್ದವು.

“ಸರ, ಮನಿ ಹಿಂದಿನ ಕಬ್ಬ ಕಡದಾರೇನು?”

ಮಾಸ್ತರರು ಒಂದು ಗಳಿಗೆ ಯೋಚಿಸಿ, ದೀಪಾವಳಿಯ ಮೇಲೆಯೇ ಗ್ಯಾಂಗು ಬಂದು ಕಡಿದುಕೊಂಡು ಹೋಯಿತೆಂದರು.

ಕೃಷ್ಣೆಯ ದಂಡೆಯ ಈ ಸೀಮೆಯಲ್ಲಿ ಕಬ್ಬು ನಿಂತಿರುವಷ್ಟು ಕಾಲ ಇಲಿ, ಹೆಗ್ಗಣಗಳಿಗೆ ಊಟವೂ ಅಲ್ಲೇ, ಮನೆಯೂ ಅಲ್ಲೇ. ಕೊಯ್ಲಿನ ಗ್ಯಾಂಗು ಎರಡು ದಿನದಲ್ಲಿ ಹೊಲ ಬೋಳಿಸಿ, ರವದಿಗೆ ಬೆಂಕಿ ಇಟ್ಟಾಗ ಅವು ಊರ ಕಡೆ ಮುಖ ಮಾಡುತ್ತವೆ. ಥಂಡಿಯ ರಾತ್ರಿ ಬಿಸಿ ಎಂಜಿನ್ನಿಗಿಂತ ಬೆಚ್ಚನೆಯ ಗೂಡು ಅವಕ್ಕೆ ಇನ್ನೆಲ್ಲಿ ಸಿಗಬೇಕು? ಇಲಿಯ ಹಲ್ಲು ಬೆಳೆಯುತ್ತಲೇ ಇರುತ್ತದೆ, ಏನನ್ನಾದರೂ ಕಡಿದು ಸವೆಸದೆ ಅದಕ್ಕೆ ಗತಿಯಿಲ್ಲ. ಹಂಗಾಮಿನ ತಿಂಗಳುಗಳಲ್ಲಿ ಗಾಡಿ ಏಕಾಏಕಿ ಮಿಸ್ಸಿಂಗ್ ಹೊಡೆದರೆ ಇಲ್ಲಿನ ಮಿಸ್ತ್ರಿಗಳು ವೈರು ನೋಡದೆ ಇರುವುದಿಲ್ಲ. ಯಾವ ಸ್ಕ್ಯಾನರಿಗೂ ಮನೆಯ ಹಿಂದಿನ ಕಬ್ಬು ಕಡಿದ ಸುದ್ದಿ ತಿಳಿಯದು.

ದುರಸ್ತಿಗೆ ಅರ್ಧ ತಾಸು. ಕಿಲುಬಿನ ಭಾಗವನ್ನು ಎರಡೂ ಕಡೆ ಹೊಳೆಯುವ ತಾಮ್ರ ಕಾಣುವವರೆಗೆ ಕತ್ತರಿಸಿ, ನಡುವೆ ಅದೇ ದಪ್ಪದ ಹೊಸ ವೈರು ಸೇರಿಸಿ, ಸೋಲ್ಡರ್ ಇಳಿಸಿ, ಮೇಲೆ ಸ್ಲೀವ್ ಹಾಕಿ ಲೈಟರಿನಿಂದ ಬಿಸಿ ಮಾಡಿ ಮೈಗಂಟಿಸಿದ. ಬರೀ ಹೊಸೆದು ಟೇಪ್ ಸುತ್ತಿದ್ದರೆ ಮಳೆಗಾಲಕ್ಕೆ ಮತ್ತೆ ಬರಬೇಕಾಗುತ್ತಿತ್ತು. ಕೋಡು ಅಳಿಸಿ ಚಾಲೂ ಮಾಡಿದಾಗ ಮೊದಲ ಎರಡು ಗಳಿಗೆ ತಡವರಿಸಿ ಎಂಜಿನ್ ಒಂದೇ ಸಮ ಗುಂಯ್‌ಗುಟ್ಟಿತು. ಎಸಿ ಹಚ್ಚಿದರು, ದೀಪ ಹಚ್ಚಿದರು, ಕದಲಲಿಲ್ಲ. ಬಿಲ್ಲು ಐದುನೂರು ರೂಪಾಯಿ. ಹಳೆಯ ಕಾಯಿಲು ಎಲ್ಲಿ ಹೋಯಿತೆಂದು ಮೊದಲಿನ ಗ್ಯಾರೇಜಿನವರನ್ನು ಕೇಳಿಯೇ ಇರಲಿಲ್ಲ ಎಂಬುದು ಮಾಸ್ತರರಿಗೆ ಆಗ ನೆನಪಾಯಿತು.

ಈ ಮಿಸ್ತ್ರಿಗೆ ಕೆಲಸ ಕಲಿಸಿದ ಗುರು ಕಾರಿನವನಲ್ಲ, ಪಂಪ್‌ಸೆಟ್ಟಿನವನು. ಕರೆಂಟು ಹೊಲಕ್ಕೆ ಬರುವ ಮುಂಚೆ ಕೃಷ್ಣೆಯ ನೀರನ್ನು ದಂಡೆಗೆ ಎತ್ತಿದ್ದು ಡೀಸೆಲ್ ಎಂಜಿನ್ನುಗಳು. ಅವುಗಳ ಜೊತೆ ಸೇರಿಹೋದ ಹೆಸರು ಕಿರ್ಲೋಸ್ಕರ. ಆ ಮನೆತನಕ್ಕೂ ಈ ಜಿಲ್ಲೆಗೂ ಹಳೆಯ ನಂಟು. ಲಕ್ಷ್ಮಣರಾವ್ ಕಿರ್ಲೋಸ್ಕರರು 1869ರಲ್ಲಿ ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟರು. ಕಬ್ಬಿಣದ ನೇಗಿಲು, ಮೇವು ಕತ್ತರಿಸುವ ಯಂತ್ರ ಮಾಡುತ್ತ ಬೆಳೆದು, 1910ರಲ್ಲಿ ಸಾಂಗಲಿಯ ಆಚೆ ಕಿರ್ಲೋಸ್ಕರವಾಡಿ ಕಟ್ಟಿದರು. ಮಿರಜಿನಿಂದ ಪುಣೆಗೆ ಹೋಗುವ ರೈಲು ಈಗಲೂ ಆ ಸ್ಟೇಷನ್ ದಾಟಿಯೇ ಹೋಗುತ್ತದೆ. ಹೊಲದ ಎಂಜಿನ್ನಿಗೆ ಸಿಲಿಂಡರು ಒಂದೇ, ಅದರ ಪ್ರತಿ ಏಟೂ ಬಿಡಿಯಾಗಿ ಕೇಳುತ್ತದೆ. ರಾತ್ರಿ ಮನೆಯಲ್ಲಿ ಮಲಗಿದ ರೈತ ದಂಡೆಯ ಎಂಜಿನ್ನಿನ ಸದ್ದು ಬದಲಾದರೆ ನಿದ್ದೆಯಲ್ಲೂ ಏಳುತ್ತಿದ್ದ. ಆ ಕಿವಿ ಕಾರಿನ ಗ್ಯಾರೇಜಿಗೂ ಬಂತು.

ಅಂಬಾಸಡರ್, ಪದ್ಮಿನಿಗಳ ಕಾಲಕ್ಕೆ ಮಿಸ್ಸಿಂಗ್ ಎಂದರೆ ಮೊದಲು ಬಿಚ್ಚುತ್ತಿದ್ದದ್ದು ಡೆಲ್ಕೊ. ನಾಲ್ಕು ಪ್ಲಗ್ಗಿಗೆ ಸರದಿಯ ಮೇಲೆ ಕರೆಂಟು ಹಂಚುವ ಆ ಡಬ್ಬಿಯೊಳಗಿನ ಪಾಯಿಂಟು ಸುಟ್ಟಿದ್ದರೆ ಪಾಲಿಶ್ ಕಾಗದದಿಂದ ಉಜ್ಜಿ, ಫಿಲರ್ ಗೇಜು ಇಲ್ಲದವರು ಬೆಂಕಿಪೆಟ್ಟಿಗೆಯ ರಟ್ಟಿನಿಂದಲೇ ಗ್ಯಾಪು ಹಿಡಿಯುತ್ತಿದ್ದರು. ಐಡಲ್ ಸರಿಯಿಲ್ಲವೆಂದರೆ ಕಾರ್ಬೋರೇಟರಿನ ಎರಡು ಸ್ಕ್ರೂ ತಿರುವಿದರಾಯಿತು. ಈಗ ತಿರುವಲು ಸ್ಕ್ರೂ ಇಲ್ಲ. ಆ ಹಳೆಯ ಕಾಲ ಚೆನ್ನಾಗಿತ್ತೆಂದು ಹೇಳುವವರ ಪೈಕಿ ನಾನಲ್ಲ. ವಾರಕ್ಕೊಮ್ಮೆ ಪಾಯಿಂಟು ಉಜ್ಜಿದವರಿಗೆ ಆ ಸುಖ ಎಂಥದೆಂದು ಗೊತ್ತಿದೆ.

ಎಲ್ಲ ಮಿಸ್ಸಿಂಗೂ ಇಲಿಯದಲ್ಲ. ಅದೇ ಶೆಡ್ಡಿನ ಇನ್ನೊಂದು ಬದಿಗೆ ಶಾಲೆಯ ಮಕ್ಕಳನ್ನು ಹೇರುವ ವ್ಯಾನು ನಿಂತಿದೆ. ಮುಂಜಾನೆ ಚೆನ್ನಾಗಿಯೇ ಚಾಲೂ ಆಗುತ್ತದೆ, ಬಿಸಿಯಾದ ಮೇಲೆ ನಿಂತಲ್ಲಿ ಕುಂಟುತ್ತದೆ. ಮಾಸ್ತರರ ಗಾಡಿಗಿಂತ ಬೇರೆಯೇ ಲಕ್ಷಣ. ವರ್ಷಗಟ್ಟಲೆ ಗ್ಯಾಸಿನ ಮೇಲೆ ಓಡಿದ ಗಾಡಿ. ಗ್ಯಾಸು ಒಣದಾಗಿ ಉರಿಯುವುದರಿಂದ ಹಳೆಯ ಎಂಜಿನ್ನಿನ ವಾಲ್ವು ತನ್ನ ಸೀಟಿನೊಳಕ್ಕೆ ನಿಧಾನವಾಗಿ ಕೂರುತ್ತ ಹೋಗುತ್ತದೆ, ಟ್ಯಾಪೆಟ್ಟಿನ ಗ್ಯಾಪು ಮುಚ್ಚುತ್ತದೆ. ಕಾಲು ಮಿಲಿಮೀಟರಿಗೂ ಕಡಿಮೆಯ ಗ್ಯಾಪು ಅದು. ಲೋಹ ಬಿಸಿಯಾಗಿ ಹಿಗ್ಗಿದಾಗ ವಾಲ್ವು ಪೂರ್ತಿ ಮುಚ್ಚುವುದೇ ಇಲ್ಲ, ಒತ್ತಿದ ಗಾಳಿ ಸೋರಿಹೋಗುತ್ತದೆ. ಇದಕ್ಕೆ ಪ್ಲಗ್ಗಿನ ಜಾಗದಲ್ಲಿ ಕಂಪ್ರೆಷನ್ ಗೇಜು ತಿರುವಿ ನೋಡಬೇಕು. ಒಂದು ಸಿಲಿಂಡರು ಕಡಿಮೆ ತೋರಿಸಿದರೆ ಒಂದು ಚಮಚ ಎಂಜಿನ್ ಆಯಿಲ್ ಒಳಗೆ ಬಿಟ್ಟು ಮತ್ತೆ ನೋಡುವುದು. ಏರಿದರೆ ಸೋರಿಕೆ ರಿಂಗಿನಲ್ಲಿ, ಏರದಿದ್ದರೆ ವಾಲ್ವಿನಲ್ಲಿ. ಪಕ್ಕಪಕ್ಕದ ಎರಡೂ ಬಿದ್ದಿದ್ದರೆ ಹೆಡ್ ಗ್ಯಾಸ್ಕೆಟ್ ನಡುವೆ ಹಾರಿದೆಯೆಂದು ಅನುಮಾನ. ವ್ಯಾನಿನ ಮಾಲಕನ ಅದೃಷ್ಟಕ್ಕೆ ಟ್ಯಾಪೆಟ್ ಹೊಂದಿಸಿದರೆ ಸಾಕಾಗಿತ್ತು.

ನಿಂತಲ್ಲಿ ಮಾತ್ರ ನಡುಗಿ, ಓಡುವಾಗ ಏನೂ ತೊಂದರೆಯಿಲ್ಲದ ಗಾಡಿಗಳಿಗೆ ಮತ್ತೊಂದು ದಾರಿ. ಆಕ್ಸಿಲೇಟರ್ ಬಿಟ್ಟಾಗ ಎಂಜಿನ್ನು ಎಳೆಯುವ ಗಾಳಿ ಬಹಳ ಕಡಿಮೆ. ಬಿರಿದ ರಬ್ಬರ್ ಪೈಪಿನಿಂದಲೋ ಕೊಳೆತ ಗ್ಯಾಸ್ಕೆಟ್ಟಿನಿಂದಲೋ ಕಳ್ಳಗಾಳಿ ನುಗ್ಗಿದರೆ ಆ ಲೆಕ್ಕವೇ ತಪ್ಪುತ್ತದೆ. ಜೋರಾಗಿ ಓಡುವಾಗ ಎಳೆಯುವ ಗಾಳಿಯ ಮುಂದೆ ಈ ಕಳ್ಳಗಾಳಿ ಲೆಕ್ಕಕ್ಕೇ ಇಲ್ಲ. ಇನ್‌ಟೇಕಿನ ಜೋಡಣೆಗಳ ಮೇಲೆ ಸಾಬೂನಿನ ನೀರು ಚಿಮುಕಿಸಿದರೆ ಸೋರುವ ಜಾಗದಲ್ಲಿ ನೀರು ಒಳಗೆ ಎಳೆದುಕೊಂಡು ಸದ್ದು ಒಂದು ಗಳಿಗೆ ಬದಲಾಗುತ್ತದೆ. ಅದೂ ಸರಿಯಿದ್ದರೆ ಥ್ರಾಟಲ್ ಬಾಡಿ ಬಿಚ್ಚಿ ಒಳಗಿನ ಕಾರ್ಬನ್ ಒರೆಸುವುದು. ಕಬ್ಬಿನ ಹಂಗಾಮಿನ ಧೂಳು, ಸುಟ್ಟ ರವದಿಯ ಮಸಿ ತುಂಬಿದ ಈ ಭಾಗದಲ್ಲಿ ಏರ್ ಫಿಲ್ಟರನ್ನು ಪುಸ್ತಕದಲ್ಲಿ ಬರೆದದ್ದಕ್ಕಿಂತ ಮುಂಚೆಯೇ ಬದಲಿಸುವುದು ಲೇಸು.

ಗ್ಯಾರೇಜಿನ ಕಟ್ಟೆಯ ಮೇಲೆ ಚಾ ಕುಡಿಯುವವರ ಬಾಯಲ್ಲಿ ಈಗ ಇನ್ನೊಂದು ಕಾರಣ ಓಡಾಡುತ್ತದೆ: ಎಥೆನಾಲು. ಮಿಸ್ಸಿಂಗು, ಆವರೇಜು, ಮುಂಜಾನೆ ಚಾಲೂ ಆಗದಿರುವುದು ಎಲ್ಲಕ್ಕೂ ಅದೇ ಹೊಣೆ. ಕಾಗವಾಡದಲ್ಲಿ ಈ ಮಾತು ಸ್ವಲ್ಪ ಇರುಸುಮುರುಸಿನದು. ರಸ್ತೆಯ ಮೇಲೆ ಹೋಗುತ್ತಿರುವ ಈ ಕಬ್ಬಿನ ಒಂದು ಪಾಲೇ ಎಥೆನಾಲಾಗಿ ಪಂಪಿಗೆ ಬರುತ್ತದೆ. ಉಗಾರದ ಫ್ಯಾಕ್ಟರಿ 1939ರಲ್ಲಿ ಸ್ಥಾಪನೆಯಾದಾಗ ಇಲ್ಲಿನ ಕಬ್ಬು ಸಕ್ಕರೆಗೆಂದೇ ಇತ್ತು. ಈಗ ಡಿಸ್ಟಿಲರಿಯೂ ಅದರ ದೊಡ್ಡ ಗಿರಾಕಿ. ಶೇಕಡ 20 ಎಥೆನಾಲು ಬೆರೆತ ಪೆಟ್ರೋಲಿಗೆ 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ಚಾಲನೆ ಸಿಕ್ಕಿತು. ಬೆಳೆದವನೂ ಅದನ್ನು ಬೈದುಕೊಂಡು ಟಾಕಿ ತುಂಬಿಸುವವನೂ ಇಲ್ಲಿ ಒಬ್ಬನೇ.

ದೂರಿನಲ್ಲಿ ಅರ್ಧ ನಿಜವಿದೆ. ಒಂದು ಪಾಲು ಪೆಟ್ರೋಲು ಸರಿಯಾಗಿ ಉರಿಯಲು ತೂಕದಲ್ಲಿ 14.7 ಪಾಲು ಗಾಳಿ ಬೇಕು. ಎಥೆನಾಲಿಗೆ ಸುಮಾರು 9 ಪಾಲು ಸಾಕು. ಲೀಟರಿಗೆ ಅದರ ಶಕ್ತಿಯೂ ಪೆಟ್ರೋಲಿಗಿಂತ ಮೂರನೇ ಒಂದು ಪಾಲಿನಷ್ಟು ಕಡಿಮೆ. ಹಾಗಾಗಿ ಆವರೇಜು ಸ್ವಲ್ಪ ಬೀಳಲೇಬೇಕು. ಕಂಪ್ಯೂಟರಿದ್ದ ಗಾಡಿ ಪೆಟ್ರೋಲು ಹೆಚ್ಚು ಬಿಟ್ಟು ಹೊಂದಿಸಿಕೊಳ್ಳುತ್ತದೆ, ಕಾರ್ಬೋರೇಟರಿನ ಹಳೆಯ ಗಾಡಿಗೆ ಆ ಬುದ್ಧಿಯಿಲ್ಲ, ಅದು ನಿಂತಲ್ಲಿ ತಡವರಿಸುತ್ತದೆ. ಹಳೆಯ ರಬ್ಬರ್ ಪೈಪುಗಳು ಉಬ್ಬಿ ಬಿರಿಯುವುದೂ ಉಂಟು. ಎಥೆನಾಲು ನೀರನ್ನು ಎಳೆದುಕೊಳ್ಳುತ್ತದೆ. ಒಂದು ಮಿತಿ ದಾಟಿದರೆ ನೀರು–ಎಥೆನಾಲು ಎರಡೂ ಕೂಡಿ ಪೆಟ್ರೋಲಿನಿಂದ ಬೇರೆಯಾಗಿ ಟಾಕಿಯ ತಳಕ್ಕೆ ಕೂರುತ್ತವೆ, ಪಂಪು ಮೊದಲು ಎಳೆಯುವುದು ಅದನ್ನೇ. ಮಳೆಗಾಲವೆಲ್ಲ ನಿಲ್ಲಿಸಿಟ್ಟ ಗಾಡಿ ತೆಗೆದಾಗ ಎಲ್ಲ ಸಿಲಿಂಡರೂ ಒಟ್ಟಿಗೆ ಮುಗ್ಗರಿಸಿದರೆ ಟಾಕಿಯ ಪೆಟ್ರೋಲನ್ನು ಗಾಜಿನ ಬಾಟ್ಲಿಗೆ ಇಳಿಸಿ ಅರ್ಧ ತಾಸು ಬಿಡಿ. ನಡುವೆ ಗೆರೆ ಬಿದ್ದರೆ ನೀರು ಸೇರಿದೆ. ಗೆರೆ ಬೀಳದಿದ್ದರೆ ಎಥೆನಾಲಿನ ಮಾತು ಬಿಟ್ಟು ಪ್ಲಗ್ಗು ಬಿಚ್ಚಿ. ಒಂದೇ ಸಿಲಿಂಡರು ಮಿಸ್ ಹೊಡೆಯುತ್ತಿದ್ದರಂತೂ ಪೆಟ್ರೋಲನ್ನು ಬೈಯುವುದರಲ್ಲಿ ಅರ್ಥವೇ ಇಲ್ಲ. ನಾಲ್ಕೂ ಕುಡಿಯುವುದು ಒಂದೇ ಟಾಕಿಯಿಂದ.

ಹೊಳೆಯ ದಂಡೆಯ ಹಳ್ಳಿಗಳ ಗಾಡಿಗಳಿಗೆ ಇನ್ನೊಂದು ಪ್ರಶ್ನೆ ಕೇಳುವುದು ಬಾಕಿ ಇರುತ್ತದೆ: ಮಹಾಪೂರದಲ್ಲಿ ನೀರು ಕಂಡಿತ್ತೇ? 2019ರ ಆಗಸ್ಟಿನಲ್ಲಿ ಮತ್ತು 2021ರಲ್ಲಿ ಕೃಷ್ಣೆ ಊರೊಳಗೆ ಬಂದಾಗ ಮುಳುಗಿದ ಗಾಡಿಗಳು ಕಡಿಮೆಯಲ್ಲ. ತೊಳೆದು ಒಣಗಿಸಿ ಮಾರಿದ ಗಾಡಿಯ ಸಾಕೆಟ್ಟಿನೊಳಗೆ ಕೂತ ರಾಡಿ ಮೂರು–ನಾಲ್ಕು ವರ್ಷ ಬಿಟ್ಟು ಪಿನ್ನು ತಿನ್ನುತ್ತದೆ. ಹಳೆಯ ಗಾಡಿ ಕೊಳ್ಳುವವರು ಸೀಟಿನ ಕೆಳಗಿನ ಬೋಲ್ಟು, ಬೆಲ್ಟಿನ ಬುಡ ನೋಡಿಯೇ ಕೊಳ್ಳುವುದು ಒಳ್ಳೆಯದು.

ನಿಮ್ಮ ಗಾಡಿಯೂ ಮಿಸ್ಸಿಂಗ್ ಹೊಡೆಯುತ್ತಿದ್ದರೆ ಗ್ಯಾರೇಜಿಗೆ ಹೋಗುವ ಮುಂಚೆ ಎರಡು ದಿನ ಗಮನಿಸಿ: ಥಂಡಿಯಲ್ಲೋ ಬಿಸಿಯಲ್ಲೋ, ನಿಂತಾಗಲೋ ಏರಿನಲ್ಲೋ, ಬಿಡದೆ ಹೊಡೆಯುತ್ತದೋ ಒಮ್ಮೊಮ್ಮೆಯೋ. ಅದನ್ನು ಮಿಸ್ತ್ರಿಗೆ ಹೇಳಿ. ಏನನ್ನಾದರೂ ಬದಲಿಸಬೇಕೆಂದರೆ ಕೆಟ್ಟಿದೆಯೆಂದು ಹೇಗೆ ಗೊತ್ತಾಯಿತೆಂದು ಕೇಳಿ, ಬದಲಿಸಿದ ಹಳೆಯ ಸಾಮಾನನ್ನು ಕೈಗೆ ಇಸಿದುಕೊಳ್ಳಿ. ಮೀಟರಿನಲ್ಲಿ ಎಂಜಿನ್ ಚಿತ್ರದ ಹಳದಿ ದೀಪ ಸುಮ್ಮನೆ ಹತ್ತಿಕೊಂಡಿದ್ದರೆ ನಿಧಾನವಾಗಿ ಗ್ಯಾರೇಜು ಮುಟ್ಟಬಹುದು. ಅದೇ ದೀಪ ಮಿಣುಕುತ್ತಿದ್ದರೆ ಉರಿಯದ ಪೆಟ್ರೋಲು ಸೈಲೆನ್ಸರಿನ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅದನ್ನು ಕೆಂಡ ಮಾಡುತ್ತಿರಬಹುದು, ಅದರ ಬೆಲೆಯ ಮುಂದೆ ಇಂಜೆಕ್ಟರು ಏನೇನೂ ಅಲ್ಲ. ಮಿರಜ ಹತ್ತಿರವೇ ಇದೆಯೆಂದು ಓಡಿಸಿಕೊಂಡು ಹೋಗಬೇಡಿ. ಟೋಚನ್ ಹಾಕಿ ಎಳೆಸಿ.